ಬೆಂಕಿ, ನೀರು ನುಗ್ಗುವ ಮೊದಲೇ: ವಿಮೆ ಕ್ಲೇಮಿಗೆ ನಿಮ್ಮ ವ್ಯಾಪಾರವನ್ನು ಸಜ್ಜುಗೊಳಿಸುವುದು ಹೇಗೆ?

"ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದೆವು. ಬೆಂಕಿ ಬಿದ್ದಾಗ ನಷ್ಟದ ಅರ್ಧವೂ ಕೈಗೆ ಬರಲಿಲ್ಲ. ಯಾಕೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಕಾರಣ ಎರಡರಲ್ಲೊಂದು: ಪಾಲಿಸಿಯಲ್ಲಿ ಬರೆಸಿದ ಮೊತ್ತ ಆಸ್ತಿಯ ನಿಜವಾದ ಬೆಲೆಗಿಂತ ಕಡಿಮೆ ಇತ್ತು, ಇಲ್ಲವೇ ಏನೇನು ಹಾಳಾಯಿತು ಎಂದು ತೋರಿಸಬೇಕಾದ ಕಾಗದಪತ್ರ ಸರಕಿನ ಜೊತೆಗೇ ಸುಟ್ಟುಹೋಯಿತು. ಇಂತಿಷ್ಟು ನಷ್ಟವಾಗಿದೆ ಎಂದು ತೋರಿಸಿಕೊಡುವ ಹೊಣೆ ವಿಮೆ ಪಡೆದವರದು. ಆದ್ದರಿಂದ ಕ್ಲೇಮಿನ ಮುಕ್ಕಾಲು ಕೆಲಸ ಅನಾಹುತಕ್ಕೆ ಮುಂಚೆಯೇ ಮುಗಿದಿರಬೇಕು. ಕೆಳಗಿನ ಮೊದಲ ನಾಲ್ಕು ಹಂತಗಳನ್ನು ಈ ತಿಂಗಳೇ ಮಾಡಿ ಮುಗಿಸಿ. ಉಳಿದವನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯಲ್ಲೊಂದು, ಮನೆಯಲ್ಲೊಂದು ಇಟ್ಟುಕೊಳ್ಳಿ.

ಬೇಕಾಗುವುದು ಇಷ್ಟು: ಪಾಲಿಸಿಯ ಪೂರ್ತಿ ಪ್ರತಿ (ಮೊದಲ ಪುಟ ಮಾತ್ರ ಸಾಲದು, ಷರತ್ತುಗಳ ಪುಸ್ತಿಕೆ, ಆಮೇಲೆ ಸೇರಿಸಿದ ಎಂಡಾರ್ಸ್‌ಮೆಂಟುಗಳೂ, ಅಂದರೆ ತಿದ್ದುಪಡಿ ಪತ್ರಗಳೂ ಬೇಕು), ಆಸ್ತಿ ಖಾತೆ (ವ್ಯಾಪಾರದ ಯಂತ್ರ, ಸಾಮಾನುಗಳನ್ನು ಪಟ್ಟಿಮಾಡಿದ ಲೆಕ್ಕಪುಸ್ತಕ), ಖರೀದಿ ಬಿಲ್ಲುಗಳು, ಕ್ಯಾಮೆರಾ ಇರುವ ಫೋನು, ಒಂದು ಅಳತೆ ಟೇಪು, ಎರಡು ಮೂರು ದಿನದ ಬಿಡುವು.

1. ಪಾಲಿಸಿಯನ್ನು ಪೆನ್ಸಿಲ್ ಹಿಡಿದು ಓದಿ

ಮೊದಲು ನೋಡಬೇಕಾದ್ದು ಯಾವ ಅಪಾಯಗಳಿಗೆ ರಕ್ಷಣೆ ಇದೆ ಎಂಬುದು. ಕೆಲವು ಪಾಲಿಸಿಗಳು ಬೆಂಕಿ, ಸಿಡಿಲು, ಸ್ಫೋಟ ಎಂದು ಹೆಸರಿಸಿದ ಅಪಾಯಗಳಿಗೆ ಮಾತ್ರ ಹಣ ಕೊಡುತ್ತವೆ. 'ಆಲ್ ರಿಸ್ಕ್' ಮಾದರಿಯವು ಹೊರಗಿಟ್ಟದ್ದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಕೊಡುತ್ತವೆ. ಎರಡನೆಯ ಬಗೆಯಲ್ಲಿ, ಹೊರಗಿಟ್ಟವುಗಳ ಪಟ್ಟಿಯೇ ಪಾಲಿಸಿಯ ತಿರುಳು.

ನೀರಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮೇಲಿನ ಮಹಡಿಯ ಪೈಪು ಒಡೆದು ಸುರಿದ ನೀರು, ಚರಂಡಿ ಹಿಮ್ಮುಖವಾಗಿ ಉಕ್ಕಿ ಬಂದ ನೀರು, ಹೊಳೆ ತುಂಬಿ ಬಾಗಿಲಿಂದ ಒಳಗೆ ಬಂದ ನೀರು: ನೆನೆದ ಸರಕಿನ ಕಣ್ಣಿಗೆ ಮೂರೂ ಒಂದೇ, ಪಾಲಿಸಿಯ ಕಣ್ಣಿಗೆ ಮೂರೂ ಬೇರೆ ಬೇರೆ. ಮೂರರಲ್ಲಿ ಯಾವುದಕ್ಕೆ ರಕ್ಷಣೆ ಇದೆ ಎಂದು ವಿಮೆಯವರನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಆಮೇಲೆ ನೀವು ಪಾಲಿಸಬೇಕಾದ ಷರತ್ತುಗಳನ್ನು ಗುರುತು ಹಾಕಿಕೊಳ್ಳಿ. ಸರಕನ್ನು ನೆಲದಿಂದ 10 ಅಥವಾ 15 ಸೆಂ.ಮೀ. ಎತ್ತರದಲ್ಲಿಡಬೇಕು, ಅಲಾರಂ ಸದಾ ಚಾಲೂ ಇರಬೇಕು, ಕಟ್ಟಡ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ತಿಳಿಸಬೇಕು ಎಂಬಂಥವು. ಇವನ್ನು ಮುರಿದಿದ್ದರೆ, ಪ್ರೀಮಿಯಂ ತಪ್ಪದೆ ಕಟ್ಟಿದ್ದರೂ ಕ್ಲೇಮು ತಕರಾರಿಗೆ ಬೀಳುತ್ತದೆ. ಬಟ್ಟೆ ಗೋದಾಮು ಎಂದು ಬರೆಸಿ ಮೂಲೆಯಲ್ಲಿ ಬೇಗ ಹೊತ್ತಿಕೊಳ್ಳುವ ಥಿನ್ನರ್ ಡ್ರಮ್ಮು ಇಟ್ಟವರ ಕಥೆಯೂ ಅಷ್ಟೇ. ಅಂದಹಾಗೆ ಸ್ಪ್ರಿಂಕ್ಲರ್, ಅಂದರೆ ಬೆಂಕಿ ನಂದಿಸಲು ಚಾವಣಿಯಿಂದ ನೀರು ಚಿಮ್ಮಿಸುವ ಸಾಧನ, ಇರುವ ಕಡೆ ಅದರ ಬಾಯಿಗೂ ಸರಕಿನ ರಾಶಿಯ ತುದಿಗೂ ನಡುವೆ ಕನಿಷ್ಠ 45 ಸೆಂ.ಮೀ. ಜಾಗ ಬಿಡಿ. ಇಲ್ಲದಿದ್ದರೆ ನೀರು ಕೊಡೆಯಂತೆ ಹರಡದೆ ಮೇಲಿನ ಪೆಟ್ಟಿಗೆಯ ಮೇಲಷ್ಟೇ ಸುರಿಯುತ್ತದೆ.

ಇನ್ನೊಂದು ಪ್ರಶ್ನೆ: ನಿಮ್ಮಲ್ಲಿರುವ ಬೇರೆಯವರ ಸೊತ್ತು ಪಾಲಿಸಿಯಲ್ಲಿ ಸೇರಿದೆಯೇ? ರಿಪೇರಿಗೆ ಬಂದ ಗಿರಾಕಿಗಳ ಸಾಮಾನು, ಬಾಡಿಗೆಗೆ ತಂದ ಯಂತ್ರ, ಮಾರಿಕೊಡಲು ಇಟ್ಟುಕೊಂಡ ಮಾಲು ಇವೆಲ್ಲ 'ಸ್ವಂತ ಆಸ್ತಿ'ಯ ಲೆಕ್ಕಕ್ಕೆ ತಾವಾಗಿ ಬರುವುದಿಲ್ಲ. ಪ್ರತ್ಯೇಕವಾಗಿ ಬರೆಸಬೇಕು.

2. ವಿಮಾ ಮೊತ್ತವನ್ನು ಸರಿಪಡಿಸಿ

ಹಣ ಕಳೆದುಹೋಗುವುದು ಇಲ್ಲೇ, ಹಾಗಾಗಿ ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ.

ಬೆಲೆ ಕಟ್ಟುವ ರೀತಿ ಮುಖ್ಯವಾಗಿ ಎರಡು. ಒಂದು, ಮರುಸ್ಥಾಪನಾ ಮೌಲ್ಯ. ಅಂದರೆ ಹಾಳಾದ ವಸ್ತುವಿನ ಜಾಗದಲ್ಲಿ ಅಂಥದೇ ಹೊಸದನ್ನು ಇಂದು ತಂದು ನಿಲ್ಲಿಸಲು ತಗಲುವ ಖರ್ಚು. ಇನ್ನೊಂದು, ಸವಕಳಿ ಕಳೆದ ಮೌಲ್ಯ. ಅಂದರೆ ಬಳಸಿ ಹಳತಾದದ್ದಕ್ಕೆ ಇಷ್ಟಿಷ್ಟು ಕಡಿತ ಮಾಡಿ ಉಳಿದದ್ದು. ಹತ್ತು ವರ್ಷದ ಯಂತ್ರಕ್ಕೆ ಎರಡನೆಯ ಲೆಕ್ಕದಲ್ಲಿ ಬರುವ ಹಣದಿಂದ ಹೊಸ ಯಂತ್ರ ಬರುವುದಿಲ್ಲ. ನಿಮ್ಮ ಪಾಲಿಸಿ ಯಾವುದು ಎಂದು ಮೊದಲು ಖಚಿತಮಾಡಿಕೊಳ್ಳಿ. ಲೆಕ್ಕಪತ್ರದಲ್ಲಿರುವ ಪುಸ್ತಕ ಮೌಲ್ಯವನ್ನು ಎತ್ತಿ ವಿಮಾ ಮೊತ್ತವಾಗಿ ಬರೆಸುವುದು ಬಹು ಜನ ಮಾಡುವ ತಪ್ಪು. ಅದು ಲೆಕ್ಕಪತ್ರಕ್ಕೆ, ತೆರಿಗೆಗೆ ಮಾಡಿದ ಲೆಕ್ಕ, ಈ ಎರಡರಲ್ಲಿ ಯಾವುದಕ್ಕೂ ತಾಳೆಯಾಗುವುದಿಲ್ಲ.

ಕಡಿಮೆ ಬರೆಸಿದರೆ ಏನಾಗುತ್ತದೆ? 'ಆವರೇಜ್' ಎಂಬ ಷರತ್ತು ಎದ್ದು ಕೂರುತ್ತದೆ. ಆಸ್ತಿಯ ನಿಜ ಬೆಲೆ 100, ನೀವು ಬರೆಸಿದ್ದು 60 ಎಂದಿಟ್ಟುಕೊಳ್ಳಿ. ಬೆಂಕಿಯಲ್ಲಿ 20ರಷ್ಟು ನಷ್ಟವಾಯಿತು. "60ರ ಒಳಗೇ ಇದೆಯಲ್ಲ, 20 ಪೂರ್ತಿ ಬರುತ್ತದೆ" ಎಂದು ನೀವು ಅಂದುಕೊಳ್ಳುತ್ತೀರಿ. ವಿಮೆಯವರ ಲೆಕ್ಕ ಬೇರೆ: 20ನ್ನು 60ರಿಂದ ಗುಣಿಸಿ 100ರಿಂದ ಭಾಗಿಸಿದರೆ 12. ಮಿಕ್ಕ 8 ನಿಮ್ಮ ತಲೆಗೆ. ಅದರ ಮೇಲೆ ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊದಲ ಪಾಲು, ಬೇರೆ ಕಡಿತವಾಗುತ್ತದೆ. ಬರೆಸಿದ ಮೊತ್ತ ನಿಜ ಬೆಲೆಯ ಶೇ. 80 ಅಥವಾ 85 ಮುಟ್ಟಿದ್ದರೆ ಕಡಿತವಿಲ್ಲ ಎನ್ನುವ ಪಾಲಿಸಿಗಳೂ ಇವೆ. ನಿಮ್ಮದರಲ್ಲಿ ಏನಿದೆ ನೋಡಿ.

ಕಟ್ಟಡಕ್ಕೆ ಬೆಲೆ ಕಟ್ಟುವಾಗ ಜಾಗದ ಬೆಲೆ ಬಿಡಿ, ನೆಲ ಸುಡುವುದಿಲ್ಲ. ಆದರೆ ಅವಶೇಷ ತೆಗೆದು ಸಾಗಿಸುವ ಖರ್ಚು, ಎಂಜಿನಿಯರರ ಶುಲ್ಕ, ಇಂದಿನ ಕಟ್ಟಡ ನಿಯಮಗಳಿಗೆ ತಕ್ಕಂತೆ ಕಟ್ಟಲು ಬೀಳುವ ಹೆಚ್ಚುವರಿ ವೆಚ್ಚ ಇವು ಸೇರಿವೆಯೇ ಎಂದು ಕೇಳಿ. ಹಳೆಯ ಕಟ್ಟಡಗಳಿಗೆ ಈ ಕೊನೆಯದು ದೊಡ್ಡ ಮೊತ್ತವೇ ಆಗಬಹುದು. ದಾಸ್ತಾನಿಗಾದರೆ ವರ್ಷದ ಸರಾಸರಿ ಹಿಡಿಯಬೇಡಿ. ಗೋದಾಮು ಅತಿ ಹೆಚ್ಚು ತುಂಬಿರುವ ತಿಂಗಳಿನ ಮಟ್ಟ ಹಿಡಿಯಿರಿ, ಇಲ್ಲವೇ ತಿಂಗಳು ತಿಂಗಳು ಮೊತ್ತ ಘೋಷಿಸುವ ಬಗೆಯ ಪಾಲಿಸಿ ಸಿಗುತ್ತದೆಯೇ ವಿಚಾರಿಸಿ.

3. ವ್ಯಾಪಾರ ನಿಂತ ದಿನಗಳಿಗೂ ರಕ್ಷಣೆ ಇದೆಯೇ ನೋಡಿ

ಆಸ್ತಿ ವಿಮೆ ಗೋಡೆ, ಯಂತ್ರ, ಸರಕಿಗೆ ಹಣ ಕೊಡುತ್ತದೆ. ಬಾಗಿಲು ಮುಚ್ಚಿದ ತಿಂಗಳುಗಳ ಸಂಬಳ, ಬಾಡಿಗೆ, ಸಾಲದ ಬಡ್ಡಿ, ಕೈತಪ್ಪಿದ ಲಾಭಕ್ಕೆ ಕೊಡುವುದಿಲ್ಲ. ಅದಕ್ಕೆ ಬೇಕಾದ್ದು ವ್ಯಾಪಾರ ಅಡಚಣೆ ವಿಮೆ. ಇದರಲ್ಲಿ ಎರಡು ಅವಧಿಗಳಿವೆ. ಒಂದು ಕಾಯುವ ಅವಧಿ: ಘಟನೆಯಾದ ಮೊದಲ 48 ಅಥವಾ 72 ಗಂಟೆಯಂಥ ಕಾಲಕ್ಕೆ ಹಣವಿಲ್ಲ. ಇನ್ನೊಂದು ಪರಿಹಾರದ ಅವಧಿ: ಗರಿಷ್ಠ ಎಷ್ಟು ತಿಂಗಳವರೆಗೆ ಕೊಡುತ್ತಾರೆ ಎಂಬುದು. 12 ತಿಂಗಳು ಧಾರಾಳ ಎನಿಸುತ್ತದೆ. ಎಣಿಸಿ ನೋಡಿ: ಅವಶೇಷ ತೆರವು, ನಕ್ಷೆ, ಪರವಾನಗಿ, ಕಟ್ಟಡ ಕೆಲಸ, ಯಂತ್ರಕ್ಕೆ ಆರ್ಡರ್ ಕೊಟ್ಟು ಬರುವವರೆಗಿನ ಕಾಯುವಿಕೆ, ಜೋಡಣೆ, ಬಿಟ್ಟುಹೋದ ಗಿರಾಕಿಗಳು ಮರಳುವ ಕಾಲ. ಮೊತ್ತ 18 ಅಥವಾ 24 ತಿಂಗಳಿಗೆ ಬಂದರೆ ಅಚ್ಚರಿಪಡಬೇಡಿ.

ಈ ವಿಮೆಯ ಲೆಕ್ಕದಲ್ಲಿ ವಿಮೆಯವರು 'ಗ್ರಾಸ್ ಪ್ರಾಫಿಟ್' (ಒಟ್ಟು ಲಾಭ) ಎನ್ನುವುದೂ ನಿಮ್ಮ ಲೆಕ್ಕಿಗರು ಅದೇ ಹೆಸರಿನಲ್ಲಿ ಕರೆಯುವುದೂ ಒಂದೇ ಇರಬೇಕಿಲ್ಲ. ಪಾಲಿಸಿಯಲ್ಲಿರುವ ವ್ಯಾಖ್ಯಾನದ ಪುಟವನ್ನೇ ಲೆಕ್ಕಿಗರ ಮುಂದಿಟ್ಟು ಅದರಂತೆ ಲೆಕ್ಕ ಹಾಕಿಸಿ.

4. ಸಾಕ್ಷ್ಯವನ್ನು ಈಗಲೇ ಕೂಡಿಡಿ

ಬಾಗಿಲಿನಿಂದ ಶುರುಮಾಡಿ ಪ್ರತಿ ಕೋಣೆಯನ್ನೂ ಬಲಸುತ್ತು ಬಂದು ವಿಡಿಯೊ ಮಾಡಿ. ಕಪಾಟು, ಡ್ರಾಯರು, ಅಟ್ಟ ಎಲ್ಲ ತೆರೆದು ತೋರಿಸಿ. ವಿಡಿಯೊ ಮಾಡುತ್ತಲೇ "ಇದು ಪ್ಯಾಕಿಂಗ್ ಯಂತ್ರ, ಇಂಥ ವರ್ಷ ಕೊಂಡದ್ದು" ಎಂದು ಬಾಯಲ್ಲಿ ಹೇಳಿ. ಆಮೇಲೆ ಬೆಲೆಬಾಳುವ ಪ್ರತಿಯೊಂದಕ್ಕೂ ಎರಡು ಫೋಟೊ: ಪೂರ್ತಿ ವಸ್ತುವಿನದೊಂದು, ಅದರ ಸೀರಿಯಲ್ ನಂಬರ್ ಪಟ್ಟಿಯದೊಂದು. ಸ್ಪ್ರೆಡ್‌ಶೀಟಿನಲ್ಲಿ ಏಳು ಕಾಲಮುಗಳು ಸಾಕು: ವಸ್ತು, ತಯಾರಕರು ಮತ್ತು ಮಾಡೆಲ್, ಸೀರಿಯಲ್ ನಂಬರ್, ಕೊಂಡ ದಿನ, ಕೊಂಡ ಬೆಲೆ, ಇಂದು ಹೊಸದರ ಬೆಲೆ, ಇರುವ ಜಾಗ. ಕಟ್ಟಡದ ನಕ್ಷೆ, ಬಾಡಿಗೆ ಕರಾರು, ವೈರಿಂಗ್ ತಪಾಸಣೆ ವರದಿ, ಅಗ್ನಿಶಾಮಕ ಸಿಲಿಂಡರುಗಳ ಸರ್ವಿಸ್ ಚೀಟಿ ಇವನ್ನೂ ಸ್ಕ್ಯಾನ್ ಮಾಡಿಡಿ.

ಇವೆಲ್ಲ ಎಲ್ಲಿರಬೇಕು? ಬ್ಯಾಕಪ್ಪಿಗೆ 3-2-1 ಎಂಬ ಹಳೆಯ ಸೂತ್ರವಿದೆ: ಒಟ್ಟು 3 ಪ್ರತಿಗಳು, 2 ಬೇರೆ ಬಗೆಯ ಸಾಧನಗಳಲ್ಲಿ, 1 ಬೇರೆ ಊರಿನಲ್ಲೋ ಕ್ಲೌಡಿನಲ್ಲೋ. ಪಕ್ಕದ ಮಳಿಗೆಯಲ್ಲಿಟ್ಟರೆ ಅದೇ ನೀರು ಅಲ್ಲಿಗೂ ಬರುತ್ತದೆ. ತಾನಾಗಿ ಸಿಂಕ್ ಆಗುವ ಫೋಲ್ಡರನ್ನೇ ಬ್ಯಾಕಪ್ ಎಂದು ನಂಬಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ.

ತಿಜೋರಿಯ ವಿಷಯ ಗೊತ್ತಿರಲಿ. ಕಾಗದಕ್ಕೆಂದು ತಯಾರಾದ ಅಗ್ನಿನಿರೋಧಕ ತಿಜೋರಿ ಒಳಗಿನ ಶಾಖವನ್ನು ಸುಮಾರು 177 ಡಿಗ್ರಿ ಸೆಲ್ಸಿಯಸ್ ಒಳಗೆ ಹಿಡಿದಿಡುತ್ತದೆ, ಅಷ್ಟಕ್ಕೆ ಕಾಗದ ಕರಿಯಾಗುವುದಿಲ್ಲ. ಹಾರ್ಡ್ ಡಿಸ್ಕು, ಪೆನ್ ಡ್ರೈವುಗಳಿಗೆ ಬೇಕಾದ ದರ್ಜೆಯಲ್ಲಿ ಈ ಮಿತಿ ಸುಮಾರು 52 ಡಿಗ್ರಿ. ಒಂದೇ ತಿಜೋರಿಯಲ್ಲಿ ಎರಡನ್ನೂ ಇಟ್ಟರೆ ಬಿಲ್ಲುಗಳು ಉಳಿದು ಬ್ಯಾಕಪ್ ಬೆಂದುಹೋಗುತ್ತದೆ.

ಜೊತೆಗೆ ಎರಡು ಅಂಕಿ ನಿರ್ಧರಿಸಿ. ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ಸಹಿಸಬಹುದು? ಎಷ್ಟು ಹೊತ್ತಿನೊಳಗೆ ವ್ಯವಸ್ಥೆ ಮತ್ತೆ ಎದ್ದು ನಿಲ್ಲಬೇಕು? ಮೊದಲನೆಯದನ್ನು ಆರ್‌ಪಿಒ, ಎರಡನೆಯದನ್ನು ಆರ್‌ಟಿಒ ಎನ್ನುತ್ತಾರೆ. ಬಿಲ್ಲಿಂಗಿಗೆ ಒಂದು ದಿನದ ನಷ್ಟವೂ ಸಲ್ಲದು ಎಂದಾದರೆ ವಾರಕ್ಕೊಮ್ಮೆ ಬ್ಯಾಕಪ್ ಮಾಡಿ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ಪನ್ನು ತೆರೆದು, ಒಂದು ಹಳೆಯ ಬಿಲ್ಲು ಹುಡುಕಿ ನೋಡಿ. ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿರುವುದು, ಅದನ್ನು ಬರೆದಿಟ್ಟ ಪುಸ್ತಕ ಅಂಗಡಿಯಲ್ಲೇ ಇರುವುದು, ಇವೆಲ್ಲ ಬಯಲಾಗುವುದು ಆಗಲೇ.

5. ಮೊದಲ ದಿನ: ಜೀವ, ಸುದ್ದಿ, ಫೋಟೊ, ಈ ಕ್ರಮದಲ್ಲೇ

ನೀರು ನಿಂತ ಕೋಣೆಗೆ ವಿದ್ಯುತ್ ಕಡಿತವಾಗಿದೆ ಎಂದು ಖಚಿತವಾಗುವವರೆಗೆ ಕಾಲಿಡಬೇಡಿ. ಮೇನ್ ಸ್ವಿಚ್ಚೇ ನೀರಿನಲ್ಲಿದ್ದರೆ ಮುಟ್ಟದೆ ವಿದ್ಯುತ್ ಸರಬರಾಜಿನವರನ್ನು ಕರೆಯಿರಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ, ಹೊರಗೆ ಬನ್ನಿ. ಜನರೇಟರನ್ನು ಶೆಡ್ಡಿನೊಳಗಾಗಲಿ ಕಿಟಕಿಯ ಪಕ್ಕದಲ್ಲಾಗಲಿ ಓಡಿಸಬೇಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಂಕಿಯಾಗಿದ್ದರೆ ಅಗ್ನಿಶಾಮಕ ದಳ ಒಪ್ಪಿಗೆ ಕೊಡುವವರೆಗೆ ಒಳಗೆ ಹೋಗಬೇಡಿ, ಬೆಂಕಿ ಹುಟ್ಟಿದ ಜಾಗವನ್ನಂತೂ ಕದಲಿಸಲೇಬೇಡಿ.

ಆಮೇಲೆ ವಿಮೆಯವರಿಗೆ ಫೋನು, ಹಿಂದೆಯೇ ಇಮೇಲ್. ಪಾಲಿಸಿ ನಂಬರ್, ಘಟನೆಯ ದಿನ ಮತ್ತು ಹೊತ್ತು, ಜಾಗ, ಕಣ್ಣಿಗೆ ಕಂಡ ಹಾನಿ ಇಷ್ಟನ್ನೇ ಬರೆಯಿರಿ. "ಶಾರ್ಟ್ ಸರ್ಕ್ಯೂಟ್ ಆಗಿರಬೇಕು" ಎಂಬ ಊಹೆ ಬೇಡ. ಕಾರಣ ಗೊತ್ತಿಲ್ಲದಿದ್ದರೆ 'ಕಾರಣ ತಿಳಿದಿಲ್ಲ' ಎಂದೇ ಬರೆಯಿರಿ. ಮೊದಲ ದಿನ ಬಾಯಿಗೆ ಬಂದ ಊಹೆ ಕಡತದಲ್ಲಿ ಕೂತು ಕೊನೆಯವರೆಗೂ ಕಾಡುತ್ತದೆ. ಕ್ಲೇಮ್ ನಂಬರ್ ಕೇಳಿ ಬರೆದುಕೊಳ್ಳಿ.

ಫೋಟೊ, ವಿಡಿಯೊ ಆಗುವವರೆಗೆ ಒಂದು ಡಬ್ಬವನ್ನೂ ಸರಿಸಬೇಡಿ. ಪ್ರತಿ ಕೋಣೆಯ ನಾಲ್ಕೂ ಮೂಲೆಗಳಿಂದ ಒಂದೊಂದು ಫೋಟೊ ತೆಗೆಯಿರಿ, ನಂತರ ಪ್ರತಿ ಸಾಲಿನದು, ಕೊನೆಗೆ ಒಂದೊಂದು ವಸ್ತುವಿನದು. ನೀರು ಏರಿದ ಗೆರೆ ಗೋಡೆಯ ಮೇಲಿರುತ್ತದೆ. ಅದರ ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಆ ಗೆರೆಯ ಕೆಳಗೆ ಕಪಾಟಿನ ಅರೆಯಲ್ಲಿದ್ದ ಸರಕು ನೆನೆಯಿತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

6. ಹಾನಿ ಹೆಚ್ಚದಂತೆ ತಡೆಯಿರಿ, ಆದರೆ ಕಾಯಂ ರಿಪೇರಿಗೆ ಕೈಹಾಕಬೇಡಿ

ಸರ್ವೇಯರ್, ಅಂದರೆ ನಷ್ಟ ಅಳೆಯಲು ವಿಮೆಯವರು ನೇಮಿಸುವವರು, ಬರುವವರೆಗೆ ಕೈಕಟ್ಟಿ ಕೂರುವುದು ತಪ್ಪು. ನಷ್ಟ ಬೆಳೆಯದಂತೆ ನೋಡಿಕೊಳ್ಳುವುದು ಪಾಲಿಸಿಯ ಪ್ರಕಾರ ನಿಮ್ಮ ಕರ್ತವ್ಯ. ಮಾಡಿಗೆ ಟಾರ್ಪಾಲು ಹೊದೆಸಿ, ಒಡೆದ ಕಿಟಕಿಗೆ ಹಲಗೆ ಹೊಡೆಸಿ, ನೀರು ಪಂಪ್ ಮಾಡಿಸಿ, ಒಣ ಸರಕನ್ನು ಬೇರೆಡೆಗೆ ಸಾಗಿಸಿ. ಅವಸರವೂ ಇದೆ: ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯತೊಡಗುತ್ತದೆ. ಬೂಷ್ಟಿಗೆ ಪ್ರತ್ಯೇಕ ಮಿತಿ ಇಟ್ಟಿರುವ ಅಥವಾ ಅದನ್ನು ಹೊರಗೇ ಇಟ್ಟಿರುವ ಪಾಲಿಸಿಗಳಿವೆ.

ಒದ್ದೆ ದಾಖಲೆಗಳನ್ನು ಬಿಸಿಲಿಗೆ ಹರಡಬೇಡಿ, ಹೀಟರ್ ಮುಂದೆ ಇಡಬೇಡಿ. ನುಣುಪು ಕಾಗದ ಒಣಗುತ್ತಾ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತದೆ. ಸ್ವಲ್ಪ ಇದ್ದರೆ ನೆರಳಲ್ಲಿ ಫ್ಯಾನ್ ಗಾಳಿಗೆ ಬಿಡಿಬಿಡಿಯಾಗಿ ಹರಡಿ. ಬಹಳ ಇದ್ದರೆ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ 48 ಗಂಟೆಯೊಳಗೆ ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದೂ ನಿಲ್ಲುತ್ತದೆ. ನಿರ್ವಾತದಲ್ಲಿ ಒಣಗಿಸುವ ತಜ್ಞರಿಗೆ ಆಮೇಲೆ ನಿಧಾನವಾಗಿ ಒಪ್ಪಿಸಬಹುದು.

ಹೊಗೆ ಕುಡಿದ, ನೀರು ಕುಡಿದ ಎಲೆಕ್ಟ್ರಾನಿಕ್ ಸಾಮಾನನ್ನು "ಆನ್ ಆಗುತ್ತದಾ ನೋಡೋಣ" ಎಂದು ಚಾಲೂ ಮಾಡಬೇಡಿ. ಪಿವಿಸಿ ವೈರು ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಅದು ತೇವಕ್ಕೆ ಸೇರಿ ಆಮ್ಲವಾಗಿ ಸರ್ಕ್ಯೂಟ್ ಬೋರ್ಡನ್ನು ದಿನದಿಂದ ದಿನಕ್ಕೆ ತಿನ್ನುತ್ತದೆ. ಕೋಣೆಯ ತೇವ ತಗ್ಗಿಸಿ, ಬೇಗ ತಜ್ಞರಿಂದ ಶುಚಿಮಾಡಿಸಿ. ನೀರಲ್ಲಿ, ಅದರಲ್ಲೂ ಉಪ್ಪುನೀರಲ್ಲಿ, ಮುಳುಗಿದ ಲಿಥಿಯಂ ಬ್ಯಾಟರಿಗಳನ್ನು ಕಟ್ಟಡದಿಂದ ದೂರ ಬಯಲಿನಲ್ಲಿಡಿ. ಎಷ್ಟೋ ದಿನ ಕಳೆದ ಮೇಲೆ ಹೊತ್ತಿಕೊಂಡ ಉದಾಹರಣೆಗಳಿವೆ.

ಹಾಳಾದದ್ದನ್ನು ಎಸೆಯಬೇಡಿ. ಕೊಳೆತು ನಾರುವಂಥದ್ದಾದರೆ ಎಣಿಸಿ, ಫೋಟೊ ತೆಗೆದು, ವಿಲೇವಾರಿಗೆ ವಿಮೆಯವರ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆದು, ಸಾಧ್ಯವಾದರೆ ಮಾದರಿ ಉಳಿಸಿಕೊಂಡು ಕಳಿಸಿ. ಲೆಕ್ಕದಲ್ಲಿ ಈ ಅನಾಹುತಕ್ಕೆಂದೇ ಪ್ರತ್ಯೇಕ ಖಾತೆ ತೆರೆಯಿರಿ: ಪಂಪು ಬಾಡಿಗೆ, ಟಾರ್ಪಾಲು, ಕಾವಲುಗಾರ, ಓವರ್‌ಟೈಂ ಎಲ್ಲ ಅಲ್ಲಿಗೆ. ಯಾರು ಯಾವ ದಿನ ಎಷ್ಟು ಗಂಟೆ ಸ್ವಚ್ಛತೆಗೆ ದುಡಿದರು ಎಂಬುದನ್ನು ಅಂದಂದೇ ಬರೆಸಿ. ತಿಂಗಳ ಕೊನೆಗೆ ನೆನಪಿನಿಂದ ಬರೆದ ಹಾಳೆಯನ್ನು ಯಾರೂ ನಂಬುವುದಿಲ್ಲ.

7. ನಷ್ಟದ ಪಟ್ಟಿ ಮತ್ತು ಸರ್ವೇಯರ್ ಜೊತೆ ವ್ಯವಹಾರ

ಮಾತಾಡಲು ನಿಮ್ಮ ಕಡೆಯಿಂದ ಒಬ್ಬರೇ ಇರಲಿ. ಮೂವರು ಮೂರು ಬಗೆ ಉತ್ತರ ಕೊಟ್ಟರೆ ಅದೇ ಒಂದು ತಕರಾರು. ಪ್ರತಿ ಭೇಟಿಯ ಸಂಜೆ "ಇಂದು ಇದನ್ನು ನೋಡಿದಿರಿ, ಈ ದಾಖಲೆ ಕೇಳಿದಿರಿ, ಇಂಥ ದಿನ ಕೊಡುತ್ತೇವೆ" ಎಂದು ನಾಲ್ಕು ಸಾಲು ಇಮೇಲ್ ಮಾಡಿ.

ಸರಕಿನ ನಷ್ಟವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಕೊನೆಯ ಎಣಿಕೆಯ ದಾಸ್ತಾನಿಗೆ ಅಲ್ಲಿಂದೀಚಿನ ಖರೀದಿ ಕೂಡಿಸಿ, ಮಾರಿದ ಮಾಲಿನ ಅಸಲು ಬೆಲೆ ಕಳೆಯಿರಿ. ಘಟನೆಯ ದಿನ ಇರಬೇಕಾಗಿದ್ದ ದಾಸ್ತಾನು ಸಿಗುತ್ತದೆ. ಅದರಿಂದ ಚೆನ್ನಾಗಿ ಉಳಿದದ್ದನ್ನು ಕಳೆದರೆ ನಷ್ಟ. ಹಾಗಾಗಿ ಹಾಳಾದದ್ದರಷ್ಟೇ ಎಚ್ಚರಿಕೆಯಿಂದ ಉಳಿದದ್ದನ್ನೂ ಎಣಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ವ್ಯಾಪಾರದ ಸರಕಿಗೆ ಸಾಮಾನ್ಯವಾಗಿ ಅಸಲು ಬೆಲೆ ಹಿಡಿಯುತ್ತಾರೆ, ಮಾರುವ ಬೆಲೆಯಲ್ಲ. ಪಾಲಿಸಿಯಲ್ಲಿ ಬೇರೆ ಮಾತಿದ್ದರೆ ಆ ಸಾಲನ್ನು ತೋರಿಸಿ ಕೇಳಿ.

ಅರೆಹಾಳಾದ ಸರಕಿಗೆ ಸಿಗುವ ಬೆಲೆಯನ್ನು ಸಾಲ್ವೇಜ್ ಎನ್ನುತ್ತಾರೆ, ಅದು ಕ್ಲೇಮಿನಲ್ಲಿ ಕಡಿತವಾಗುತ್ತದೆ. ನಿಮ್ಮ ಬ್ರಾಂಡಿನ ಹೆಸರಿರುವ ಮಾಲು ಹಾಗೇ ಸಂತೆಗೆ ಹೋಗದಿರಲು ಲೇಬಲ್ ಕಿತ್ತು ಮಾರುವ ಷರತ್ತು ಹಾಕಿ. ರಿಪೇರಿ ಅಂದಾಜನ್ನು ಕನಿಷ್ಠ ಇಬ್ಬರಿಂದ ತರಿಸಿ. 'ಒಟ್ಟು ಇಷ್ಟು' ಎಂಬ ಒಂದು ಸಾಲಿನ ಅಂದಾಜು ಬೇಡ. ಯಾವ ಕೆಲಸ, ಎಷ್ಟು ಅಳತೆ, ಯಾವ ದರ ಎಂದು ಬಿಡಿಸಿ ಬರೆದಿರಬೇಕು.

ಇಲ್ಲದ ಒಂದು ವಸ್ತುವನ್ನೂ ಪಟ್ಟಿಗೆ ಸೇರಿಸಬೇಡಿ. ಸಣ್ಣ ಸುಳ್ಳು ಸಿಕ್ಕಿಬಿದ್ದರೂ ನಿಜವಾದ ದೊಡ್ಡ ಕ್ಲೇಮು ಪೂರ್ತಿ ರದ್ದಾಗಬಹುದು.

8. ಹಣ, ಸಹಿ, ಗಡುವು

ವಿಮೆಯವರು ಹೊಣೆ ಒಪ್ಪಿಕೊಂಡ ಮೇಲೂ ಅಂತಿಮ ಲೆಕ್ಕಕ್ಕೆ ತಿಂಗಳುಗಳು ಹಿಡಿಯುತ್ತವೆ. ನಡುವೆ ಮುಂಗಡ ಪಾವತಿ ಕೇಳಿ. ಕೇಳದಿದ್ದರೆ ತಾವಾಗಿ ಕೊಡುವುದು ಅಪರೂಪ. ಮರುಸ್ಥಾಪನಾ ಪಾಲಿಸಿಯಾದರೆ ಮೊದಲು ಸವಕಳಿ ಕಳೆದ ಮೊತ್ತ ಬಂದು, ಕಟ್ಟಿ ಮುಗಿಸಿ ಬಿಲ್ಲು ತೋರಿಸಿದ ಮೇಲೆ ಮಿಕ್ಕದ್ದು ಬರುವುದು ರೂಢಿ. ಆ ಕೆಲಸಕ್ಕೆ ಗಡುವಿರುತ್ತದೆ, ತಡವಾಗುವ ಸೂಚನೆ ಕಂಡರೆ ಗಡುವಿನೊಳಗೇ ಬರೆದು ವಿಸ್ತರಣೆ ಪಡೆಯಿರಿ.

ಬೆಂಕಿಗೆ ಪಕ್ಕದವರೋ ಗುತ್ತಿಗೆದಾರರೋ ಕಾರಣ ಎಂದಾದರೆ, ಅವರೊಡನೆ "ಇನ್ನೇನೂ ಬಾಕಿಯಿಲ್ಲ" ಎಂದು ರಾಜಿಪತ್ರ ಮಾಡಿಕೊಳ್ಳಬೇಡಿ. ನಿಮಗೆ ಹಣ ಕೊಟ್ಟ ಮೇಲೆ ತಪ್ಪಿತಸ್ಥರಿಂದ ವಸೂಲಿ ಮಾಡುವ ಹಕ್ಕು ವಿಮೆಯವರಿಗೆ ಬರುತ್ತದೆ. ಅದನ್ನು ಸಬ್ರೊಗೇಷನ್ ಎನ್ನುತ್ತಾರೆ. ಆ ಹಕ್ಕನ್ನು ನೀವೇ ಕತ್ತರಿಸಿದರೆ ನಿಮ್ಮ ಕ್ಲೇಮಿಗೇ ಕುತ್ತು.

ಕೊನೆಗೆ ಬರುವ ಕಾಗದದಲ್ಲಿ 'ಪೂರ್ಣ ಮತ್ತು ಅಂತಿಮ' ಎಂದಿರುತ್ತದೆ. ಸಹಿಗೆ ಮುನ್ನ ಕಡಿತಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಕೇಳಿ: ಸವಕಳಿ ಎಷ್ಟು, ಆವರೇಜ್ ಎಷ್ಟು, ಸಾಲ್ವೇಜ್ ಎಷ್ಟು, ಎಕ್ಸೆಸ್ ಎಷ್ಟು. ಒಪ್ಪದ ಅಂಶವಿದ್ದರೆ ಸಹಿ ಹಾಕದೆ, ಒಪ್ಪಿದ ಭಾಗದ ಹಣವನ್ನು ಬಿಡುಗಡೆ ಮಾಡಿ ಎಂದು ಬರೆಯಿರಿ. ಗೋಡೆಯೊಳಗಿನ ವೈರಿಂಗ್, ನೆಲದಡಿಯ ತೇವ, ಯಂತ್ರದ ಬೇರಿಂಗುಗಳ ತುಕ್ಕು ಇಂಥವು ಎರಡು ಮೂರು ತಿಂಗಳ ಮೇಲೆ ತಲೆಯೆತ್ತುತ್ತವೆ. ಅವನ್ನು ಒಮ್ಮೆ ತಪಾಸಣೆ ಮಾಡಿಸಿ ವರದಿ ಕೈಗೆ ಬರುವವರೆಗೆ ಆ ಕಾಗದ ಮೇಜಿನ ಮೇಲೇ ಇರಲಿ.